ಕೆ.ಟಿ. (ನಮ್ಮ ಕೆಲಸವನ್ನು ಮುಂದಿನವರಿಗೆ ಹೇಳಿಕೊಡುವುದು) ಮುಗಿದಿದೆ, ನೋಟಿಸ್ ಪೀರಿಯಡ್ ಇನ್ನೂ ಎರಡು ತಿಂಗಳಿದೆ. ಹೊತ್ತು ಹೋಗ್ತಿಲ್ಲ, ನೀವೆಲ್ಲ ಏನು ಮಾಡಿದಿರಿ?

ವೈಟ್‌ಫೀಲ್ಡ್ ಪಯಣಿಗ:

ಎಲ್ಲರಿಗೂ ನಮಸ್ಕಾರ. ಹೊಸ ಕಂಪನಿಯ ಆಫರ್ ಸಿಕ್ಕಿ ರಾಜೀನಾಮೆ ಕೊಟ್ಟು ಒಂದು ತಿಂಗಳಾಯಿತು. ನಮ್ಮಲ್ಲಿ ನೋಟಿಸ್ 90 ದಿನ, ರಾಜೀನಾಮೆ ಕೊಟ್ಟ ಮೇಲೂ ಅಷ್ಟು ದಿನ ಕೆಲಸಕ್ಕೆ ಬರಬೇಕು. ಮೊದಲ ಕೆಲವು ವಾರ ಹೋಗಿದ್ದೇ ಗೊತ್ತಾಗಲಿಲ್ಲ. ಕೆ.ಟಿ. ಸೆಷನ್, ಡಾಕ್ಯುಮೆಂಟ್, ಮ್ಯಾನೇಜರ್ ಜೊತೆ ಮಾತು, ಎಚ್.ಆರ್. ಜೊತೆ ಮಾತು, "ಯಾಕೆ ಬಿಡ್ತಿದ್ದೀಯ" ಅಂತ ಕೇಳುವ ಗೆಳೆಯರ ಜೊತೆ ಕಾಫಿ. ಈಗ ಎಲ್ಲ ನಿಂತುಹೋಗಿದೆ. ಹೊಸ ಕೆಲಸ ಯಾರೂ ಕೊಡುವುದಿಲ್ಲ. ಮುಂದಿನ ಕೆಲಸ ಹಂಚುವ ಸ್ಪ್ರಿಂಟ್ ಪ್ಲಾನಿಂಗ್‌ಗೆ ಕರೆಯುವುದಿಲ್ಲ. ಯಾರು ಏನು ಮಾಡುತ್ತಿದ್ದೇವೆ ಅಂತ ಹೇಳುವ ಬೆಳಗಿನ ಸ್ಟ್ಯಾಂಡಪ್ ಮೀಟಿಂಗ್‌ನಲ್ಲಿ ನನ್ನ ಸರದಿ ಬಂದರೆ ಹೇಳುವುದಕ್ಕೆ ಏನೂ ಇರುವುದಿಲ್ಲ.

ವಾರಕ್ಕೆ ಮೂರು ದಿನ ಆಫೀಸಿಗೆ ಹೋಗಲೇಬೇಕು. ರಜೆ ತೆಗೆದುಕೊಂಡರೆ ಅಷ್ಟು ದಿನ ನೋಟಿಸ್ ಮುಂದಕ್ಕೆ ಹೋಗುತ್ತದೆ, ಹಾಗಾಗಿ ಊರಿಗೂ ಹೋಗುವ ಹಾಗಿಲ್ಲ. ಊಟ ಆದ ಮೇಲೆ ಸಂಜೆ 6ರ ತನಕ ಇರುವ ಹೊತ್ತು ತುಂಬಾ ಕಷ್ಟ. ಪಕ್ಕದಲ್ಲೇ ಟೀಮಿನವರು ರಿಲೀಸ್ ಅಂತ ಓಡಾಡುತ್ತಿರುತ್ತಾರೆ, ನಾನು ಸುಮ್ನೆ ಸ್ಕ್ರೀನ್ ನೋಡುತ್ತಾ ಕೂತಿರುತ್ತೇನೆ. ಇಷ್ಟು ವರ್ಷ ಬಿಡುವು ಬೇಕು ಅಂತ ಒದ್ದಾಡಿದವನಿಗೆ ಬಿಡುವು ಸಿಕ್ಕ ಮೇಲೆ ಯಾಕೆ ಹೀಗೆ ಬೇಜಾರಾಗುತ್ತದೆ ಅಂತಲೇ ಅರ್ಥವಾಗುತ್ತಿಲ್ಲ. ಈ ದಾರಿಯಲ್ಲಿ ಹೋದವರು ಹೇಳಿ.

ರಾತ್ರಿಪಾಳಿ:

ಗುರು, ಇದರಲ್ಲಿ ಯೋಚನೆ ಮಾಡೋಕೆ ಏನಿದೆ? ಇನ್ನೂ ಎರಡು ತಿಂಗಳಿದೆ, ಇಂಟರ್ವ್ಯೂ ಕೊಡುತ್ತಾ ಇರು. ಮಾರ್ಕೆಟ್‌ನಲ್ಲಿ ನೋಟಿಸ್‌ನಲ್ಲಿರುವವರಿಗೇ ಬೆಲೆ ಜಾಸ್ತಿ. 90 ದಿನ ಕಾಯುವುದಕ್ಕೆ ಯಾರಿಗೂ ತಾಳ್ಮೆ ಇಲ್ಲ, ಬೇಗ ಸೇರುತ್ತೇನೆ ಅಂದವರನ್ನೇ ಮೊದಲು ಕರೆಯುತ್ತಾರೆ. ಕೈಯಲ್ಲಿ ಒಂದು ಆಫರ್ ಇದ್ದರೆ ಅದನ್ನು ತೋರಿಸಿ ಇನ್ನೊಂದು ಕಡೆ ಜಾಸ್ತಿ ಕೇಳಬಹುದು. ಹೊತ್ತೂ ಹೋಗುತ್ತದೆ, ಸಂಬಳವೂ ಏರುತ್ತದೆ.

ತುಂಗಾತೀರ:

ಪಯಣಿಗ, ಒಂದು ಮಾತು. ನಾನು ಈ ಕೆಲಸಕ್ಕೆ ಬಂದು ಬಹಳ ವರ್ಷವಾಯಿತು, ನಾಲ್ಕು ಕಂಪನಿ ಬಿಟ್ಟಿದ್ದೇನೆ. ಈಗ ಟೀಮ್ ನೋಡಿಕೊಳ್ಳುತ್ತೇನೆ, ಆದ್ದರಿಂದ ಎರಡೂ ಕಡೆಯಿಂದ ನೋಡಿದ್ದೇನೆ.

ಮೊದಲನೆಯದು, ಈ ಬೇಜಾರು ನಿಮ್ಮ ತಪ್ಪಲ್ಲ. ಇಷ್ಟು ವರ್ಷ ಪ್ರತಿ ಹತ್ತು ನಿಮಿಷಕ್ಕೆ ಒಂದು ಮೆಸೇಜ್, ಒಂದು ಕಾಲ್, ಒಂದು ಟಿಕೆಟ್ ಬಂದು ಬಂದು ಮನಸ್ಸು ಅದಕ್ಕೆ ಒಗ್ಗಿಹೋಗಿರುತ್ತದೆ. ಅದು ಒಂದೇ ದಿನಕ್ಕೆ ನಿಂತರೆ ಕೈಕಾಲು ಆಡದ ಹಾಗೆ ಆಗುತ್ತದೆ. ಅದರ ಜೊತೆಗೆ ನಾನು ಇವರಿಗೆ ಬೇಡವಾದೆ ಅನ್ನುವ ನೋವೂ ಸೇರುತ್ತದೆ. ಪ್ಲಾನಿಂಗ್‌ಗೆ ಕರೆಯದೆ ಇರುವುದು ಹೆಚ್ಚಿನ ಸಲ ಕೋಪದಿಂದ ಅಲ್ಲ. ಮುಂದಿನ ಮೂರು ತಿಂಗಳ ಕೆಲಸ ಹಂಚುವಾಗ ಇರದವರ ಹೆಸರು ಬರೆಯಲು ಆಗುವುದಿಲ್ಲ, ಅಷ್ಟೇ.

ಎರಡನೆಯದು ಮುಖ್ಯ. ಕೆ.ಟಿ. ಮುಗಿಯಿತು ಅಂದಿರಿ. ನಿಜವಾಗಿ ಮುಗಿದಿದೆಯಾ? ಸಾಮಾನ್ಯವಾಗಿ ಕೆ.ಟಿ. ಅಂದರೆ ನಾವು ಸ್ಕ್ರೀನ್ ಶೇರ್ ಮಾಡಿ ಮಾತಾಡುತ್ತೇವೆ, ಎದುರಿನವರು ಹೂಂ ಅನ್ನುತ್ತಾರೆ, ರೆಕಾರ್ಡಿಂಗ್ ಒಂದು ಫೋಲ್ಡರಿಗೆ ಹೋಗುತ್ತದೆ, ಆಮೇಲೆ ಅದನ್ನು ಯಾರೂ ತೆರೆಯುವುದಿಲ್ಲ. ಇನ್ನು ಮೇಲೆ ರಿವರ್ಸ್ ಕೆ.ಟಿ. ಮಾಡಿ. ನಿಮ್ಮ ಜಾಗಕ್ಕೆ ಬರುವವರು ಕೆಲಸ ಮಾಡಲಿ, ನೀವು ಕೀಬೋರ್ಡ್ ಮುಟ್ಟದೆ ಪಕ್ಕದಲ್ಲಿ ಕೂತಿರಿ. ಅವರು ಎಲ್ಲಿ ತಡವರಿಸುತ್ತಾರೋ ಅಲ್ಲಿ ನಿಮ್ಮ ಡಾಕ್ಯುಮೆಂಟಿನಲ್ಲಿ ಏನೋ ಬಿಟ್ಟುಹೋಗಿದೆ ಅಂತ ಅರ್ಥ.

ನಮ್ಮ ಟೀಮಿನಿಂದ ಒಬ್ಬಳು ಹೋಗುವಾಗ ಹೀಗೆ ಮಾಡಿದಳು. ತಿಂಗಳ ಮೊದಲ ತಾರೀಕು ರಾತ್ರಿ 1 ಗಂಟೆಗೆ ತಾನಾಗೇ ಓಡುವ ಬಿಲ್ಲಿಂಗ್ ಪ್ರೋಗ್ರಾಂ (ಜಾಬ್) ಒಂದಿತ್ತು. ಎಲ್ಲರ ಡಾಕ್ಯುಮೆಂಟಿನಲ್ಲೂ "ಜಾಬ್ ಫೇಲ್ ಆದರೆ ಮತ್ತೆ ಓಡಿಸಿ" ಅಂತ ಬರೆದಿತ್ತು. ಅವಳು ಬರೆದಿದ್ದು ಬೇರೆ. ಹಿಂದಿನ ದಿನದ ಫೈಲ್ ತಡವಾಗಿ ಬಂದರೆ ಈ ಜಾಬ್ ಫೇಲ್ ಆಗುವುದೇ ಇಲ್ಲ, ಖಾಲಿ ಫೈಲನ್ನೇ ಓದಿ ಹಸಿರು ಟಿಕ್ ತೋರಿಸುತ್ತದೆ, ಬೆಳಗ್ಗೆ ಫೈನಾನ್ಸ್‌ನವರು ಫೋನ್ ಮಾಡಿದಾಗಲೇ ಗೊತ್ತಾಗುವುದು, ಆದ್ದರಿಂದ ಟಿಕ್ ನಂಬಬೇಡಿ, ಜಾಬ್ ಏನು ಮಾಡಿತು ಅಂತ ದಾಖಲಾಗುವ ಲಾಗ್ ಫೈಲಿನ ಕೊನೆಯ ಸಾಲಿನಲ್ಲಿ ರೆಕಾರ್ಡ್ ಎಣಿಕೆ ಸೊನ್ನೆ ಇದೆಯಾ ನೋಡಿ, ಸೊನ್ನೆ ಇದ್ದರೆ ಫೈಲ್ ಕಳಿಸುವ ಟೀಮಿಗೆ ಮೊದಲು ಫೋನ್ ಮಾಡಿ, ಆಮೇಲೆ ಮಾತ್ರ ಜಾಬ್ ಓಡಿಸಿ. ಅರ್ಧ ಪುಟವೂ ಇರಲಿಲ್ಲ. ಅವಳು ಹೋದ ಮೇಲೆ ಪಾಳಿಗೆ ಬಂದ ಹೊಸ ಹುಡುಗ ಆ ಅರ್ಧ ಪುಟ ನೋಡಿಕೊಂಡೇ ರಾತ್ರಿ ಕಳೆದ. ಇಂಥದ್ದು ನಿಮ್ಮ ತಲೆಯಲ್ಲಿ ಎಷ್ಟಿದೆ ಯೋಚಿಸಿ. ಅದನ್ನೆಲ್ಲ ಹೊರಗೆ ತೆಗೆಯಲು ಎರಡು ತಿಂಗಳು ಸಾಲದು.

ರಾತ್ರಿಪಾಳಿ ಅವರೇ, ನಿಮ್ಮ ಮಾತು ನನಗೆ ಒಪ್ಪಿಗೆಯಾಗಲಿಲ್ಲ. ಒಂದು ಕಡೆ ಸಹಿ ಹಾಕಿದ ಮೇಲೆ ಬರೀ ಹೊತ್ತು ಕಳೆಯುವುದಕ್ಕೆ ಇನ್ನೊಂದು ಕಡೆ ಹೋಗಿ ಕೂರುವುದು ಸರಿಯಲ್ಲ. ನಿಮಗಾಗಿ ಒಂದು ಸೀಟು ಖಾಲಿ ಇಟ್ಟುಕೊಂಡು ಕಾಯುವ ಟೀಮ್ ಅಲ್ಲಿರುತ್ತದೆ. ಕೊನೆಯ ವಾರ ಬರುವುದಿಲ್ಲ ಅಂದರೆ ಅವರ ಮೂರು ತಿಂಗಳು ಹೋಯಿತು.

ರಾತ್ರಿಪಾಳಿ:

ಕಂಪನಿಗಳು ಮಾಡಿದರೆ ಸರಿ, ನಾವು ಮಾಡಿದರೆ ತಪ್ಪಾ ಸರ್? ನನ್ನ ರೂಮ್‌ಮೇಟ್‌ಗೆ ಜಾಯಿನಿಂಗ್ ಡೇಟ್ ಮುಂದಕ್ಕೆ ಹಾಕುತ್ತಾ ಹಾಕುತ್ತಾ ಕೊನೆಗೆ ಆಫರ್ ಇಲ್ಲ ಅಂದರು. ಅಷ್ಟೊತ್ತಿಗೆ ಹಳೇ ಕಂಪನಿಯಲ್ಲಿ ಲಾಸ್ಟ್ ವರ್ಕಿಂಗ್ ಡೇ ಆಗಿಹೋಗಿತ್ತು. ಪಿ.ಜಿ. ಬಾಡಿಗೆ ನಾವೆಲ್ಲ ಸೇರಿ ಕಟ್ಟಿದೆವು. ಬಾಗಿಲು ಒಂದೇ ಇಟ್ಟುಕೊಳ್ಳಬಾರದು ಅನ್ನುವುದು ಅವನಿಂದ ಕಲಿತ ಪಾಠ.

ತುಂಗಾತೀರ:

ನಿಮ್ಮ ರೂಮ್‌ಮೇಟ್‌ಗೆ ಆಗಿದ್ದು ಅನ್ಯಾಯ, ಅದರಲ್ಲಿ ಎರಡು ಮಾತಿಲ್ಲ. ಆ ಭಯ ಇದ್ದರೆ ಹೊಸ ಕಂಪನಿಯವರ ಜೊತೆ ಎರಡು ವಾರಕ್ಕೊಮ್ಮೆ ಮಾತಾಡಿ, ಜಾಯಿನಿಂಗ್ ಡೇಟನ್ನು ಇ-ಮೇಲ್‌ನಲ್ಲಿ ಖಚಿತ ಮಾಡಿಸಿಕೊಳ್ಳಿ, ಕೆಲವು ತಿಂಗಳ ಖರ್ಚಿನ ದುಡ್ಡು ಕೈಯಲ್ಲಿಡಿ. ಡೇಟ್ ಮುಂದಕ್ಕೆ ಹೋಗುತ್ತಿದ್ದರೆ ಬೇರೆ ಕಡೆ ಹುಡುಕುವುದು ನ್ಯಾಯವೇ. ನಾನು ಬೇಡ ಅಂದಿದ್ದು ಬೇಜಾರು ಕಳೆಯಲು ಮಾಡುವ ಇಂಟರ್ವ್ಯೂ.

ಲೆಕ್ಕದಮನೆ:

ನಾನು ಪೇರೋಲ್ ವಿಭಾಗದಲ್ಲಿ ಕೆಲಸ ಮಾಡುವವಳು. ಈ ಖಾಲಿ ಹೊತ್ತಿನಲ್ಲಿ ಮಾಡಬೇಕಾದ ಕಾಗದದ ಕೆಲಸ ಎಷ್ಟಿದೆ ಅಂತ ಹೆಚ್ಚಿನವರಿಗೆ ಗೊತ್ತೇ ಇರುವುದಿಲ್ಲ. ಹೋದ ಮೇಲೆ ಆರು ತಿಂಗಳು ನಮಗೆ ಫೋನ್ ಮಾಡುತ್ತಾ ಇರುತ್ತಾರೆ. ಒಳಗೆ ಇರುವಾಗಲೇ ಕೇಳಿದರೆ ಪಕ್ಕದ ಫ್ಲೋರಿಗೆ ಬಂದು ಮುಗಿಸಿಕೊಂಡು ಹೋಗಬಹುದು.

ಪಯಣಿಗ, ಒಂದು ಪ್ರಶ್ನೆ. ನೀವು ಈ ಕಂಪನಿಗೆ ಸೇರಿ ಎಷ್ಟು ವರ್ಷ? ಐದರ ಹತ್ತಿರ ಇದ್ದರೆ ದಯವಿಟ್ಟು ಕ್ಯಾಲೆಂಡರ್ ನೋಡಿ. ಗ್ರಾಚ್ಯುಟಿ (ಕೆಲಸ ಬಿಡುವಾಗ ಕಂಪನಿ ಕೊಡುವ ಇಡುಗಂಟು) ಸಿಗುವುದಕ್ಕೆ ಸಾಮಾನ್ಯವಾಗಿ ಐದು ವರ್ಷ ಸತತ ಸೇವೆ ಆಗಿರಬೇಕು, ನೋಟಿಸ್ ಪೀರಿಯಡ್‌ನಲ್ಲಿ ದುಡಿದ ದಿನಗಳೂ ಸೇವೆಯೇ. ಲೆಕ್ಕ ಸುಲಭ. ಕೊನೆಯ ತಿಂಗಳ ವೇತನ, ಅಂದರೆ ಮುಖ್ಯವಾಗಿ ಮೂಲ ವೇತನ ಮತ್ತು ಡಿ.ಎ. (ತುಟ್ಟಿಭತ್ಯೆ), ತೆಗೆದುಕೊಂಡು 26ರಿಂದ ಭಾಗಿಸಿ 15ರಿಂದ ಗುಣಿಸಿ, ಅದನ್ನು ವರ್ಷಗಳಿಂದ ಗುಣಿಸಿ. ಆ ವೇತನ 40,000 ಇದ್ದರೆ ಐದು ವರ್ಷಕ್ಕೆ ಸುಮಾರು 1,15,385 ರೂಪಾಯಿ. ಬೇಜಾರಾಗಿ "ಬೇಗ ಬಿಡಿ" ಅಂತ ಅರ್ಲಿ ರಿಲೀಸ್ ಕೇಳಿ, ಐದು ವರ್ಷಕ್ಕೆ ಇನ್ನು ಕೆಲವೇ ವಾರ ಇರುವಾಗ ಹೊರಗೆ ಹೋದವರನ್ನು ನೋಡಿದ್ದೇನೆ. ಆಮೇಲೆ ಬಂದು ಕೇಳಿದರೆ ಏನು ಹೇಳುವುದು?

ವೈಟ್‌ಫೀಲ್ಡ್ ಪಯಣಿಗ:

ಅಕ್ಕ, ಈಗ ಈ ಕಂಪನಿಯ ಹಳೇ ಆಫರ್ ಲೆಟರ್ ತೆಗೆದು ನೋಡಿದೆ. ಲಾಸ್ಟ್ ವರ್ಕಿಂಗ್ ಡೇಗೆ ಒಂದು ವಾರ ಮೊದಲು ಐದು ವರ್ಷ ತುಂಬುತ್ತದೆ! ಹೊಸ ಕಂಪನಿಯವರು ಹದಿನೈದು ದಿನ ಮೊದಲೇ ಬರಲು ಆಗುತ್ತಾ ಅಂತ ಕೇಳಿದ್ದರು. ಆಗುವುದಿಲ್ಲ ಅಂತ ಇವತ್ತೇ ಬರೆಯುತ್ತೇನೆ. ಬೇರೆ ಏನೇನು ನೋಡಬೇಕು ಹೇಳಿ.

ಲೆಕ್ಕದಮನೆ:

ಒಳ್ಳೆಯದಾಯಿತು. ಹಾಗಾದರೆ ಉಳಿದದ್ದನ್ನೂ ಹೇಳಿಬಿಡುತ್ತೇನೆ, ಸ್ವಲ್ಪ ಉದ್ದ ಆಗುತ್ತದೆ.

ಪಿ.ಎಫ್. (ಭವಿಷ್ಯ ನಿಧಿ) ಪೋರ್ಟಲ್‌ಗೆ ಈಗಲೇ ಲಾಗಿನ್ ಆಗಿ. ಹೆಸರು, ಹುಟ್ಟಿದ ದಿನ, ಅಪ್ಪನ ಹೆಸರು ಆಧಾರ್‌ನಲ್ಲಿ ಇರುವ ಹಾಗೇ ಇದೆಯಾ ನೋಡಿ. ನಮ್ಮ ಕಡೆ ಇನಿಷಿಯಲ್‌ನದ್ದೇ ದೊಡ್ಡ ತಲೆನೋವು. ಒಂದು ಕಡೆ ಊರಿನ ಹೆಸರು ಮುಂದೆ, ಇನ್ನೊಂದು ಕಡೆ ಅಪ್ಪನ ಹೆಸರು ಹಿಂದೆ. ತಿದ್ದುಪಡಿಗೆ ಕಂಪನಿಯ ಒಪ್ಪಿಗೆ ಬೇಕಾಗಿ ಬಂದರೆ ನೀವು ಇನ್ನೂ ಒಳಗೆ ಇರುವುದೇ ಅನುಕೂಲ. ಹೊಸ ಕಂಪನಿಗೆ ಹೋದ ಮೇಲೆ ದುಡ್ಡು ತೆಗೆಯಬೇಡಿ, ಟ್ರಾನ್ಸ್‌ಫರ್ ಮಾಡಿಸಿ. ಐದು ವರ್ಷದ ಒಳಗೆ ತೆಗೆದರೆ ತೆರಿಗೆ ಬೀಳುತ್ತದೆ, ಟ್ರಾನ್ಸ್‌ಫರ್ ಮಾಡಿದರೆ ಹಳೆ ಸೇವೆಯೂ ಲೆಕ್ಕಕ್ಕೆ ಬರುತ್ತದೆ.

ಇನ್ನು ತೆರಿಗೆ. ವರ್ಷದ ಮಧ್ಯೆ ಕೆಲಸ ಬದಲಿಸಿದರೆ ಎರಡೂ ಕಂಪನಿಗಳು ಬೇರೆ ಬೇರೆಯಾಗಿ ನಿಮಗೆ (ಹೊಸ ತೆರಿಗೆ ಪದ್ಧತಿಯಲ್ಲಿ) 75,000 ರೂಪಾಯಿ ಸ್ಟ್ಯಾಂಡರ್ಡ್ ಡಿಡಕ್ಷನ್ ಕೊಟ್ಟು, ಕೆಳಗಿನ ಸ್ಲ್ಯಾಬ್‌ನಿಂದ ಲೆಕ್ಕ ಶುರು ಮಾಡುತ್ತವೆ. ಎರಡೂ ಕಡೆ ತೆರಿಗೆ ಕಡಿಮೆ ಹಿಡಿಯುತ್ತಾರೆ. ಜುಲೈನಲ್ಲಿ ರಿಟರ್ನ್ ಹಾಕುವಾಗ ಬಾಕಿಯನ್ನು ಬಡ್ಡಿ ಸಮೇತ ಕಟ್ಟಬೇಕು. ಅದಕ್ಕೇ ಇಲ್ಲಿಯ ಸಂಬಳ ಮತ್ತು ಟಿ.ಡಿ.ಎಸ್. (ಸಂಬಳದಲ್ಲೇ ಹಿಡಿದ ತೆರಿಗೆ) ವಿವರವನ್ನು ಸೇರಿದ ತಿಂಗಳೇ ಹೊಸ ಕಂಪನಿಗೆ ಕೊಡಿ. ಪೇಸ್ಲಿಪ್‌ಗಳನ್ನೆಲ್ಲ ಈಗಲೇ ಇಳಿಸಿಕೊಳ್ಳಿ, ಕೊನೆಯ ದಿನ ಸಂಜೆ ಲಾಗಿನ್ ಹೋಗಿಬಿಡುತ್ತದೆ.

ಎಲ್ಲಕ್ಕಿಂತ ಮುಖ್ಯ ಆರೋಗ್ಯ ವಿಮೆ. ಕಂಪನಿಯ ಗ್ರೂಪ್ ಪಾಲಿಸಿ ಸಾಮಾನ್ಯವಾಗಿ ಕೊನೆಯ ದಿನಕ್ಕೇ ಮುಗಿಯುತ್ತದೆ. ಅಪ್ಪ ಅಮ್ಮ ಅದರಲ್ಲಿ ಇದ್ದರೆ ಅವರದ್ದೂ ಮುಗಿಯಿತು. ಎರಡು ಕೆಲಸದ ನಡುವೆ ಒಂದು ವಾರ ಬಿಡುವು ತೆಗೆದುಕೊಂಡರೆ ಆ ವಾರ ಯಾವ ರಕ್ಷಣೆಯೂ ಇರುವುದಿಲ್ಲ. ಅದೇ ವಿಮಾ ಕಂಪನಿಯಲ್ಲಿ ಗ್ರೂಪ್‌ನಿಂದ ಸ್ವಂತ ಪಾಲಿಸಿಗೆ ಬದಲಾಗಬಹುದು, ಆದರೆ ಗ್ರೂಪ್ ಪಾಲಿಸಿ ಮುಗಿಯುವ ಮೊದಲೇ ಕೇಳಬೇಕು. ಅಥವಾ ಹೊಸದಾಗಿ ಸ್ವಂತ ಪಾಲಿಸಿ ಮಾಡಿಸಿ. ಮೊದಲೇ ಇರುವ ಸಕ್ಕರೆ ಕಾಯಿಲೆ, ಬಿ.ಪಿ.ಯಂಥವಕ್ಕೆ ಕಾಯುವ ಅವಧಿ ಹೆಚ್ಚೆಂದರೆ ಮೂರು ವರ್ಷ ಇರುತ್ತದೆ, ಬೇಗ ಶುರು ಮಾಡಿದಷ್ಟೂ ಒಳ್ಳೆಯದು. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯ ವಿಮೆಗೆ ಜಿ.ಎಸ್.ಟಿ. ಕೂಡ ಇಲ್ಲ. ಪಾಲಿಸಿ ಓದುವುದು ಬೇಜಾರಿನ ಕೆಲಸವೇ, ಆದರೆ ಬೇರೆ ಯಾವಾಗ ನಿಮಗೆ ಇಷ್ಟು ಪುರುಸೊತ್ತು ಸಿಗುತ್ತದೆ?

ಹುಬ್ಬಳ್ಳಿ ಲೆಕ್ಚರರ್:

ಐ.ಟಿ.ಯವರಿಗಷ್ಟೇ ಅಲ್ಲ ನೋಡ್ರಿ, ನಮಗೂ ಇದೆ. ಖಾಸಗಿ ಇಂಜಿನಿಯರಿಂಗ್ ಕಾಲೇಜಿನಲ್ಲಿ ನನಗೆ ಮೂರು ತಿಂಗಳ ನೋಟಿಸ್ ಇತ್ತು, ಅದೂ ಸೆಮಿಸ್ಟರ್ ಮಧ್ಯೆ ಬಿಡುವುದಿಲ್ಲ ಅಂದರು. ಪಾಠ ಮುಗಿದ ಮೇಲೆ ಪರೀಕ್ಷೆ ತನಕ ಸ್ಟಾಫ್ ರೂಮಿನಲ್ಲಿ ಕೂರುವುದೇ ಕೆಲಸ. ನಾನು ಲ್ಯಾಬ್ ಮ್ಯಾನ್ಯುಯಲ್ ಹೊಸದಾಗಿ ಬರೆದೆ. ಹಳೆಯದರಲ್ಲಿ ಇದ್ದ ಎಷ್ಟೋ ಸರ್ಕ್ಯೂಟ್ ಚಿತ್ರಗಳು ಜೆರಾಕ್ಸ್ ಮೇಲೆ ಜೆರಾಕ್ಸ್ ಆಗಿ ರೆಸಿಸ್ಟರ್ ಬೆಲೆಯೇ ಕಾಣುತ್ತಿರಲಿಲ್ಲ. ಹುಡುಗರು ಒಬ್ಬರನ್ನೊಬ್ಬರು ಕೇಳಿಕೊಂಡು ವೈರ್ ಜೋಡಿಸುತ್ತಿದ್ದರು. ಬ್ರೆಡ್‌ಬೋರ್ಡ್ ಮೇಲೆ ಪ್ರತಿಯೊಂದನ್ನೂ ಜೋಡಿಸಿ ನೋಡಿ, ಬೆಲೆ ಸರಿ ಮಾಡಿ, ಚಿತ್ರವನ್ನು ಹೊಸದಾಗಿ ಬರೆದೆ. ಲ್ಯಾಬ್ ಅಟೆಂಡರ್ ಕಾಕಾ ಜೊತೆಗೆ ಕೂತು ಸಹಾಯ ಮಾಡಿದರು. ನಾನು ಬಿಟ್ಟ ಮೇಲೂ ಅದೇ ಪುಸ್ತಕ ನಡೆಯುತ್ತಿದೆ. ಇದನ್ನು ನೆನೆದರೆ ಆ ದಿನಗಳ ಬಗ್ಗೆ ನನಗೆ ಬೇಜಾರೇ ಇಲ್ಲ.

ಮ್ಯೂನಿಕ್ ಕನ್ನಡಿಗ:

ಜರ್ಮನಿಯಲ್ಲೂ ಮೂರು ತಿಂಗಳ ನೋಟಿಸ್ ಬಹಳ ಕಡೆ ಇದೆ. ಕಾನೂನಿನಲ್ಲಿ ಕನಿಷ್ಠ ನಾಲ್ಕು ವಾರ, ಆದರೆ ಒಪ್ಪಂದದಲ್ಲಿ ಜಾಸ್ತಿ ಬರೆದಿರುತ್ತಾರೆ. ವ್ಯತ್ಯಾಸ ಏನೆಂದರೆ ಇಲ್ಲಿ ಉಳಿದ ರಜೆಯನ್ನು ನೋಟಿಸ್‌ನಲ್ಲೇ ತೆಗೆದುಕೊಳ್ಳುವುದು ಮಾಮೂಲು. ತೆಗೆಯಲು ಆಗದೆ ಉಳಿದದ್ದಕ್ಕೆ ದುಡ್ಡು ಕೊಡಬೇಕು. ಹೀಗಾಗಿ ಮೂರು ತಿಂಗಳು ಅಂತ ಕಾಗದದಲ್ಲಿ ಇದ್ದರೂ ಕೂರುವುದು ಅಷ್ಟು ಇರುವುದಿಲ್ಲ. ರಜೆ ತೆಗೆದರೆ ನೋಟಿಸ್ ಉದ್ದ ಮಾಡುವ ನಮ್ಮೂರ ಪದ್ಧತಿ ನೋಡಿದರೆ ನನಗೆ ಸಿಟ್ಟು ಬರುತ್ತದೆ. ಗಳಿಸಿದ ರಜೆ ಅಲ್ವಾ ಅದು? ಪಯಣಿಗ, ಬೆಂಗಳೂರಿನಲ್ಲೂ ಮ್ಯಾನೇಜರ್ ಒಪ್ಪಿದರೆ ನಿಯಮ ಸ್ವಲ್ಪ ಸಡಿಲ ಆಗುವುದುಂಟು. ಕೇಳಿ ನೋಡಿ. ಹಬ್ಬಕ್ಕೆ ಎರಡು ದಿನ ಊರಿಂದ ಕೆಲಸ ಮಾಡುತ್ತೇನೆ ಅಂದರೆ ಬೇಡ ಅನ್ನುವವರು ಕಡಿಮೆ.

ಅಕ್ಷರಹುಳು:

ಕೆ.ಟಿ. ಮತ್ತು ಕಾಗದ ಎರಡನ್ನೂ ಹಿರಿಯರು ಹೇಳಿದರು. ಆದರೂ ಮಧ್ಯಾಹ್ನದ ಹೊತ್ತು ಉಳಿಯುತ್ತದೆ, ನನಗೆ ಗೊತ್ತು. ನಾನು ಆ ಹೊತ್ತಿನಲ್ಲಿ ಹಳೆಯ ಪುಸ್ತಕಗಳ ಉಚಿತ ಆನ್‌ಲೈನ್ ಭಂಡಾರವಾದ ಕನ್ನಡ ವಿಕಿಸೋರ್ಸ್‌ನಲ್ಲಿ ಪುಟ ತಿದ್ದುತ್ತಿದ್ದೆ, ಈಗಲೂ ಬಿಟ್ಟಿಲ್ಲ. ಲೇಖಕರು ತೀರಿಕೊಂಡು 60 ವರ್ಷ ದಾಟಿ ಹಕ್ಕು ಮುಗಿದ ಹಳೆಯ ಪುಸ್ತಕಗಳನ್ನು ಸ್ಕ್ಯಾನ್ ಮಾಡಿ ಹಾಕಿರುತ್ತಾರೆ. ಒಂದು ಪಕ್ಕ ಪುಟದ ಚಿತ್ರ, ಇನ್ನೊಂದು ಪಕ್ಕ ಯಂತ್ರ ಓದಿದ ಅಕ್ಷರ. ಯಂತ್ರಕ್ಕೆ ಹಳೇ ಅಚ್ಚಿನ ಒತ್ತಕ್ಷರ ಸರಿಯಾಗಿ ಕಾಣುವುದಿಲ್ಲ. ಪ ಇದ್ದಲ್ಲಿ ವ ಬಂದಿರುತ್ತದೆ, ಮಸಿ ಹರಡಿದ ಕಡೆ ಸೊನ್ನೆ ಮಾಯವಾಗಿರುತ್ತದೆ. ನಾವು ಸಾಲು ಸಾಲಾಗಿ ಹೋಲಿಸಿ ತಿದ್ದಬೇಕು. ತಿದ್ದದ ಪುಟ ಕೆಂಪು. ಒಬ್ಬರು ತಿದ್ದಿದರೆ ಹಳದಿ. ಇನ್ನೊಬ್ಬರು ಮತ್ತೆ ನೋಡಿ ಸರಿ ಇದೆ ಅಂದರೆ ಹಸಿರು. ಒಂದು ಪುಟಕ್ಕೆ ಹತ್ತು ಹದಿನೈದು ನಿಮಿಷ. ಯಾರಾದರೂ ಕೆಲಸಕ್ಕೆ ಕರೆದರೆ ಅಲ್ಲಿಗೇ ನಿಲ್ಲಿಸಿ ಹೋಗಬಹುದು, ಅದಕ್ಕೇ ಆಫೀಸಿನ ಖಾಲಿ ಹೊತ್ತಿಗೆ ಇದು ಹೇಳಿ ಮಾಡಿಸಿದ ಹಾಗಿದೆ. ಒಂದು ವೆಬ್ ಸಿರೀಸ್ ನೋಡಿ ಮುಗಿಸಿದರೆ ಇನ್ನೊಂದು ಬೇಕು ಅನಿಸುತ್ತದೆ, ಇಲ್ಲಿ ಹಾಗಲ್ಲ, ಸಂಜೆ ಏಳುವಾಗ ನಾಲ್ಕು ಪುಟ ಹಳದಿಯಾಗಿರುತ್ತದೆ.

ನಿಮ್ಮ ಸ್ವಂತ ಫೋನ್ ಅಥವಾ ಲ್ಯಾಪ್‌ಟಾಪ್‌ನಲ್ಲಿ ಮಾಡಿ, ಆಫೀಸಿನದ್ದರಲ್ಲಿ ಬೇಡ.

ಸಂಜೆಗೂ ಒಂದು ಮಾತು. ಇಷ್ಟು ವರ್ಷದಲ್ಲಿ ಒಮ್ಮೆಯಾದರೂ ಸಂಜೆ 6ಕ್ಕೆ ಆಫೀಸಿನಿಂದ ಎದ್ದು ಹೊರಟಿದ್ದು ನೆನಪಿದೆಯಾ? ಈಗ ಹೊರಡಬಹುದು. ವೈಟ್‌ಫೀಲ್ಡ್‌ನಿಂದ ನೇರಳೆ ಮಾರ್ಗ ಹತ್ತಿದರೆ ಕಬ್ಬನ್ ಪಾರ್ಕ್‌ಗೆ ನೇರ ಮೆಟ್ರೋ ಇದೆ. ಇಲ್ಲದಿದ್ದರೆ ಜೆ.ಪಿ. ನಗರದ ರಂಗಶಂಕರಕ್ಕೆ ಹೋಗಿ ಒಂದು ನಾಟಕ ನೋಡಿ. 7.30ಕ್ಕೆ ಶುರುವಾಗುವ ನಾಟಕಕ್ಕೆ ತಡವಾದರೆ ಒಳಗೆ ಬಿಡುವುದಿಲ್ಲ. ಯಾವಾಗ ಕರೆದರೂ ಸಿಗಬೇಕಾದ ಆನ್-ಕಾಲ್ ಪಾಳಿ‌ನಲ್ಲಿ ಇದ್ದವರಿಗೆ ಫೋನ್ ಆಫ್ ಮಾಡಿ ಎರಡು ಗಂಟೆ ಕೂರುವುದು ಹೊಸ ಅನುಭವ. ಕತ್ತಲಲ್ಲಿ ಕೂತು ಬೇರೆಯವರ ಮಾತು ಕೇಳುವುದು ನನಗೆ ಬಹಳ ಒಳ್ಳೆಯದು ಮಾಡಿತು.

ರಾತ್ರಿಪಾಳಿ:

ಒಂದು ವಿಷಯದಲ್ಲಿ ಮಾತ್ರ ನಾನೂ ಎಚ್ಚರಿಕೆ ಹೇಳುತ್ತೇನೆ. ಖಾಲಿ ಇದ್ದೀಯ ಅಂತ ಹೊಸ ಕಂಪನಿಯವರು "ಸ್ವಲ್ಪ ಈ ಡಿಸೈನ್ ನೋಡ್ತೀಯಾ" ಅಂತ ಈಗಲೇ ಕೆಲಸ ಕಳಿಸಿದರೆ ಮುಟ್ಟಬೇಡ. ಹಾಗೇ ನೀನೇ ಬರೆದ ಕೋಡ್ ಅಂತ ಪೆನ್‌ಡ್ರೈವ್‌ಗೆ ಹಾಕಿಕೊಳ್ಳಬೇಡ, ಸ್ವಂತ ಮೇಲ್‌ಗೆ ಕಳಿಸಬೇಡ. ನೋಟಿಸ್‌ನಲ್ಲಿರುವವರ ಡೌನ್‌ಲೋಡ್‌ಗಳ ಮೇಲೆ ಸೆಕ್ಯುರಿಟಿ ಟೀಮ್ ಕಣ್ಣಿಟ್ಟಿರುತ್ತದೆ. ನಾನು ಆ ಟೀಮಿನಲ್ಲೇ ಕೆಲಸ ಮಾಡುತ್ತೇನೆ, ಅದಕ್ಕೇ ಹೇಳುತ್ತಿದ್ದೇನೆ. ಮದುವೆ ಫೋಟೋ ಕಾಪಿ ಮಾಡಿಕೊಳ್ಳಲು ಹೋದವರ ಲ್ಯಾಪ್‌ಟಾಪ್ ಕೂಡ ಲಾಕ್ ಆಗಿದ್ದುಂಟು. ಸ್ವಂತ ಫೈಲ್ ಬೇಕಿದ್ದರೆ ಮ್ಯಾನೇಜರ್‌ಗೆ ಮೇಲ್ ಹಾಕಿ, ಒಪ್ಪಿಗೆ ಪಡೆದು ತೆಗೆದುಕೋ.

ತುಂಗಾತೀರ:

ಇದಕ್ಕೆ ನನ್ನದೂ ಪೂರ್ತಿ ಒಪ್ಪಿಗೆ. ಇನ್ನೊಂದು ಸೇರಿಸುತ್ತೇನೆ. ಬೇಜಾರು ಜಾಸ್ತಿಯಾದಾಗಲೇ ಕಂಪನಿಯವರು ಬಂದು "ಇಲ್ಲೇ ಇರು, ಸಂಬಳ ಜಾಸ್ತಿ ಮಾಡುತ್ತೇವೆ" ಅನ್ನುತ್ತಾರೆ. ಒಂಟಿಯಾಗಿ ಕೂತು ಕೂತು ಬೇಸತ್ತವರಿಗೆ ಆ ಮಾತು ಬಹಳ ಹಿತವಾಗಿ ಕೇಳುತ್ತದೆ. ಬಿಡಬೇಕು ಅಂತ ನಿರ್ಧಾರ ಮಾಡಿದ ಕಾರಣ ಏನಿತ್ತು ಅಂತ ಒಂದು ಹಾಳೆಯಲ್ಲಿ ಬರೆದಿಟ್ಟುಕೊಳ್ಳಿ. ಆ ಕಾರಣ ಸಂಬಳ ಒಂದೇ ಆಗಿದ್ದರೆ ಯೋಚಿಸಿ. ಬೇರೆ ಇದ್ದರೆ ಆ ಹಾಳೆ ಓದಿ.

ವೈಟ್‌ಫೀಲ್ಡ್ ಪಯಣಿಗ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಎರಡು ವಾರ ಬಿಟ್ಟು ಬರೆಯುತ್ತಿದ್ದೇನೆ.

ರಿವರ್ಸ್ ಕೆ.ಟಿ. ಶುರು ಮಾಡಿದೆ. ನನ್ನ ಜಾಗಕ್ಕೆ ಬರುವ ಹುಡುಗಿ ಕಾಲೇಜು ಮುಗಿಸಿ ಬಂದು ಇನ್ನೂ ಒಂದು ವರ್ಷವಾಗಿಲ್ಲ. ಮೊದಲ ದಿನವೇ ಗೊತ್ತಾಯಿತು, ನನ್ನ ಡಾಕ್ಯುಮೆಂಟಿನಲ್ಲಿ "ಸರ್ವರ್‌ಗೆ ಲಾಗಿನ್ ಆಗಿ" ಅಂತಿದೆ, ಯಾವ ಸರ್ವರ್, ಪರ್ಮಿಷನ್ ಯಾರನ್ನು ಕೇಳಬೇಕು ಅಂತ ಎಲ್ಲೂ ಇಲ್ಲ. ಅವಳು ಕೇಳುವುದಕ್ಕೆ ಸಂಕೋಚಪಟ್ಟು ಅರ್ಧ ಗಂಟೆ ಸುಮ್ನೆ ಹುಡುಕುತ್ತಿದ್ದಳು. ಈಗ ಮಧ್ಯಾಹ್ನ ಊಟ ಆದ ಮೇಲೆ ಇಬ್ಬರೂ ಕೂರುತ್ತೇವೆ. ಹಿಂದೆ ಸಿಸ್ಟಂ ಕೈಕೊಟ್ಟ ಇನ್ಸಿಡೆಂಟ್ ಒಂದನ್ನು ತೆಗೆದು, ಉತ್ತರ ಮುಚ್ಚಿಟ್ಟು, ನೀನಾಗಿದ್ದರೆ ಎಲ್ಲಿಂದ ಶುರು ಮಾಡುತ್ತಿದ್ದೆ ಅಂತ ಕೇಳುತ್ತೇನೆ. ಮೊನ್ನೆ ನಾನು ಕಂಡುಹಿಡಿಯಲು ಇಡೀ ರಾತ್ರಿ ತೆಗೆದುಕೊಂಡ ಸಮಸ್ಯೆಯನ್ನು ಅವಳು ಬೇರೆ ದಾರಿಯಿಂದ ಬೇಗ ಹಿಡಿದಳು. ನನಗೆ ಬಹಳ ಖುಷಿಯಾಯಿತು.

ಅಪ್ಪ ಅಮ್ಮನಿಗೆ ಪಾಲಿಸಿ ಮಾಡಿಸಿದೆ. ಅಪ್ಪನ ಬಿ.ಪಿ. ಮಾತ್ರೆಯ ವಿಷಯ ಫಾರ್ಮ್‌ನಲ್ಲಿ ಸರಿಯಾಗಿ ಬರೆದಿದ್ದೇನೆ. ವಿಕಿಸೋರ್ಸ್‌ನಲ್ಲಿ ಖಾತೆ ತೆರೆದಿದ್ದೇನೆ, ಆದರೆ ಕೆಲವು ದಿನ ಏನೂ ಮಾಡದೆ ಕಿಟಕಿ ಪಕ್ಕ ಕೂರುವುದೂ ಇದೆ. ಅದೂ ಪರವಾಗಿಲ್ಲ ಅನಿಸುತ್ತಿದೆ.

ಲೆಕ್ಕದಮನೆ ಅಕ್ಕ, ಒಂದು ಕೊನೆಯ ಪ್ರಶ್ನೆ. ಪಿ.ಎಫ್.ನಲ್ಲಿ ಡೇಟ್ ಆಫ್ ಎಕ್ಸಿಟ್ (ಕೆಲಸ ಬಿಟ್ಟ ದಿನಾಂಕ) ಅಂತ ಒಂದಿದೆಯಲ್ಲ, ಅದನ್ನು ಕಂಪನಿಯವರು ಹಾಕದಿದ್ದರೆ ಏನು ಮಾಡುವುದು?

ಲೆಕ್ಕದಮನೆ:

ಕಂಪನಿಯವರೇ ಹಾಕಬೇಕು. ಹಾಕದಿದ್ದರೆ, ಕೊನೆಯ ಪಿ.ಎಫ್. ಜಮೆಯಾಗಿ ಎರಡು ತಿಂಗಳು ದಾಟಿದ ಮೇಲೆ ಪೋರ್ಟಲ್‌ನಲ್ಲಿ ನೀವೇ ಹಾಕಬಹುದು. ಕೊನೆಯ ಜಮೆ ಯಾವ ತಿಂಗಳದ್ದೋ ಆ ತಿಂಗಳ ಒಳಗಿನ ದಿನಾಂಕ ಇರಬೇಕು. ಆಧಾರ್‌ಗೆ ಜೋಡಿಸಿದ ಮೊಬೈಲ್‌ಗೆ ಓ.ಟಿ.ಪಿ. ಬರುತ್ತದೆ. ನಿಮ್ಮ ಆಧಾರ್‌ಗೋ ಬ್ಯಾಂಕಿಗೋ ಕಂಪನಿ ಕೊಟ್ಟ ಸಿಮ್ ನಂಬರ್ ಇದ್ದರೆ, ಸಿಮ್ ವಾಪಸ್ ಕೊಡುವ ಮೊದಲು ಸ್ವಂತ ನಂಬರ್‌ಗೆ ಬದಲಿಸಿಕೊಳ್ಳಿ. ಆಧಾರ್ ಕೇಂದ್ರದಲ್ಲಿ ಶನಿವಾರ ರಶ್ ಜಾಸ್ತಿ, ಮನೆಯಿಂದ ಕೆಲಸ ಮಾಡುವ ದಿನ ಬೆಳಗ್ಗೆ ಬೇಗ ಹೋಗಿ ಬನ್ನಿ.